ಕಾಕಾನ ಮಗ ಗಲ್ಲೆಗೆ ಕೈ ಹಾಕಿದರೆ

ಪ್ರಶ್ನೆ: ಶಹಾಬಾದಿನಲ್ಲಿ ನಮ್ಮದು ಫರ್ಸಿ ಕಲ್ಲು ಪಾಲಿಶ್ ಮಾಡುವ ಧಂದೆ. ಅಪ್ಪ ಮತ್ತು ಕಾಕಾ ಪಾಲುದಾರಿಕೆ ಪತ್ರ ಮಾಡಿಕೊಂಡು ಶುರು ಮಾಡಿದ್ದರು. ಅಪ್ಪ ತೀರಿಕೊಂಡ ಮೇಲೆ ಆಫೀಸು ನಾನು ನೋಡುತ್ತೇನೆ, ಖಣಿ ಮತ್ತು ಮಷಿನ್ ಕಾಕಾನ ಮಗ ನೋಡುತ್ತಾನೆ. ಅವನು ಸೊಲ್ಲಾಪುರ, ಹೈದರಾಬಾದಿನ ವ್ಯಾಪಾರಿಗಳಿಂದ ಉದ್ರಿ ವಸೂಲಿ ಮಾಡಿ ಖಾತೆಗೆ ಹಾಕುತ್ತಿಲ್ಲ. ಕೇಳಿದರೆ ಚಿತ್ತಾಪುರದ ಕಡೆ ಬೇರೆ ಮಷಿನ್ ಹಾಕುತ್ತೇನೆ ಅನ್ನುತ್ತಾನೆ. ಮನೆ ಮಾತು ಹೊರಗೆ ಹೋಗಬಾರದು ಅಂತ ಅವ್ವ ಅಳುತ್ತಾಳೆ. ಏನು ಮಾಡಲಿ?
– ಹೆಸರು ಬೇಡ, ಶಹಾಬಾದ್

ಉತ್ತರ: ಅವನಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ. ಹೊತ್ತು ಮೂಡುವ ಮೊದಲೇ ಕಲ್ಲಿನ ಧೂಳಿನಲ್ಲಿ ನಿಲ್ಲುವವನಿಗೆ ಪಗಾರ ಗೊತ್ತುಮಾಡದೆ, ‘ಬೇಕಾದಾಗ ತಗೋ’ ಎಂದು ಬಿಟ್ಟ ಮನೆಗಳು ನಮ್ಮ ಭಾಗದಲ್ಲಿ ಬಹಳ. ಹಾಗೆ ಬಿಟ್ಟ ಮೇಲೆ ತೆಗೆದುಕೊಂಡದ್ದು ಕಳವೋ ಕೂಲಿಯೋ ಯಾರು ಹೇಳಬೇಕು? 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಇಲ್ಲದಿದ್ದರೆ ದುಡಿಯುವ ಪಾಲುದಾರನಿಗೆ ಸಂಬಳವಿಲ್ಲ. ಲಾಭ ಮಾತ್ರ ಎಲ್ಲರಿಗೂ ಸಮಪಾಲು. ಆಫೀಸಿನಲ್ಲಿ ಕೂತವರಿಗೆ ಇದು ಹಿತ, ಖಣಿಯಲ್ಲಿ ನಿಂತವನಿಗೆ ಸಂಕಟ. ಅವನನ್ನು ಕಳ್ಳ ಎನ್ನುವ ಮೊದಲು ಇದನ್ನು ಸರಿಮಾಡಿ.

ಇನ್ನೊಂದು ಗಂಭೀರ ವಿಷಯ. ಇಬ್ಬರೇ ಪಾಲುದಾರರಿದ್ದ ಸಂಸ್ಥೆ, ಒಬ್ಬರು ತೀರಿದ ದಿನವೇ ಮುಗಿಯುತ್ತದೆ. ನೀವು ಈಗ ಹಳೇ ಹೆಸರಿನ ಬೋರ್ಡಿನ ಕೆಳಗೆ ಕಾಗದವೇ ಇಲ್ಲದೆ ವ್ಯಾಪಾರ ಮಾಡುತ್ತಿದ್ದೀರಿ. ಅಪ್ಪನ ಪಾಲಿನಲ್ಲಿ ಅವ್ವನಿಗೂ ಒಡಹುಟ್ಟಿದವರಿಗೂ ಹಕ್ಕಿದೆ. ಅವರನ್ನೂ ಕೂರಿಸಿಕೊಂಡು ಹಳೇ ಲೆಕ್ಕ ಮುಗಿಸಿ, ಹೊಸ ಪತ್ರ ಬರೆಸಿ ನೋಂದಾಯಿಸಿ. ನೋಂದಣಿ ಇಲ್ಲದ ಸಂಸ್ಥೆ ಉದ್ರಿ ಉಳಿಸಿಕೊಂಡ ವ್ಯಾಪಾರಿಯ ಮೇಲೆ ದಾವೆ ಹಾಕಲು 69ನೇ ಕಲಂ ಅಡ್ಡ ಬರುತ್ತದೆ. ಖಣಿಯ ಗುತ್ತಿಗೆ ಯಾರ ಹೆಸರಿನಲ್ಲಿದೆ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ. ಹಣ ಸಂಸ್ಥೆಯ ಬ್ಯಾಂಕ್ ಖಾತೆಗೇ ಬರಬೇಕೆಂದು ಎಲ್ಲ ವ್ಯಾಪಾರಿಗಳಿಗೂ ನೀವು, ಕಾಕಾ, ಅವನು ಮೂವರೂ ಸಹಿ ಮಾಡಿದ ಪತ್ರ ಹೋಗಲಿ.

ಬೇರೆ ಮಷಿನ್ ಹಾಕುವ ಮಾತನ್ನೂ ಹೊಸ ಪಾಲುದಾರಿಕೆ ಪತ್ರದಲ್ಲಿ ಬಿಡಿಸಿ ಬರೆಯಿರಿ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಕಿರ್ಲೋಸ್ಕರ್ ಮನೆತನ 2009ರಲ್ಲಿ ಕೌಟುಂಬಿಕ ಒಪ್ಪಂದ ಮಾಡಿಕೊಂಡಿತ್ತು. ಆದರೂ ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ಇಳಿಯಬಹುದೇ ಎಂಬ ತಕರಾರಿನಲ್ಲಿ ಅಣ್ಣತಮ್ಮಂದಿರು ಸುಪ್ರೀಂ ಕೋರ್ಟಿನವರೆಗೆ ಹೋದರು. 2021ರಲ್ಲಿ ಕೋರ್ಟು ಸಂಧಾನಕ್ಕೆ ಪ್ರಯತ್ನಿಸಿ ಎಂದಿತು. ಅಷ್ಟು ದೊಡ್ಡ ವಕೀಲರಿದ್ದ ಮನೆಯಲ್ಲೇ ಹೀಗಾದರೆ, ಬಾಯಿಮಾತಿನ ಮೇಲೆ ನಿಂತ ನಿಮ್ಮ ಮನೆಯ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಅವ್ವನಿಗೆ ಹೇಳಿ, ಈಗ ಒಬ್ಬ ಲೆಕ್ಕಿಗನ ಮುಂದೆ ಮಾತಾಡಿದರೆ ಮುಂದೆ ಕೋರ್ಟಿನ ಕಟ್ಟೆ ಹತ್ತುವುದು ತಪ್ಪೀತು.

ಪ್ರಶ್ನೆ: ಸೇಡಂನಲ್ಲಿ ಅಪ್ಪ ಕಟ್ಟಿದ ದಾಲ್ ಮಿಲ್ ಇದೆ. ಅಕ್ಕನ ಮದುವೆಯಲ್ಲಿ ಬೇಕಾದಷ್ಟು ಬಂಗಾರ ಕೊಟ್ಟಾಗಿದೆ. ಈಗ ಭಾವ ದಿನಾ ಬಂದು ಮಿಲ್ಲಿನಲ್ಲಿ ಕೂತು ಪಾಲು ಕೇಳುತ್ತಾರೆ.
– ಒಬ್ಬ ಓದುಗ, ಸೇಡಂ

ಉತ್ತರ: ಭಾವನಿಗೆ ಹಕ್ಕಿಲ್ಲ. ಅಕ್ಕನಿಗೆ ಇರಬಹುದು, ಬಂಗಾರ ಕೊಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಮಿಲ್ ಅಪ್ಪನ ಸ್ವಯಾರ್ಜಿತವಾದರೆ ಅವರು ಇರುವ ತನಕ ಅವರದೇ ಮಾತು. ಉಯಿಲು ಇಲ್ಲದೆ ತೀರಿದರೆ ಅಕ್ಕನಿಗೂ ನಿಮ್ಮಷ್ಟೇ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, ಸುಪ್ರೀಂ ಕೋರ್ಟ್ ಇದನ್ನು 2020ರ ಆಗಸ್ಟ್ 11ರಂದು ಮತ್ತಷ್ಟು ಸ್ಪಷ್ಟಪಡಿಸಿದೆ. ಅಕ್ಕನನ್ನು ತವರಿಗೆ ಕರೆದು, ಭಾವ ಇಲ್ಲದ ಹೊತ್ತಿನಲ್ಲಿ, ಅವಳಿಗೆ ಏನು ಬೇಕೆಂದು ಕೇಳಿದ್ದೀರಾ?

ಪ್ರಶ್ನೆ: ವಾಡಿಯಿಂದ ಸಿಮೆಂಟ್ ಸಾಗಿಸುವ ಎರಡು ಲಾರಿ ನಮ್ಮವು. ಒಂದಕ್ಕೆ ಸೋದರಮಾವನೇ ಡ್ರೈವರ್. ಡೀಸೆಲ್ ಲೆಕ್ಕ ತಾಳೆಯಾಗುತ್ತಿಲ್ಲ. ಹೇಗೆ ಕೇಳಲಿ?
– ಚಿಂಚೋಳಿ

ಉತ್ತರ: ಕೇಳಬೇಡಿ, ಅಳೆಯಿರಿ. ಎರಡೂ ಲಾರಿಗೆ ಟ್ಯಾಂಕ್ ಪೂರ್ತಿ ತುಂಬಿಸಿ, ಟ್ರಿಪ್ ಮುಗಿದ ಮೇಲೆ ಮತ್ತೆ ಪೂರ್ತಿ ತುಂಬಿಸಿ. ಹಿಡಿದ ಲೀಟರ್, ಓಡಿದ ಕಿಲೋಮೀಟರ್ ಬರೆದಿಡಿ. ಒಂದು ತಿಂಗಳು ಇಬ್ಬರು ಡ್ರೈವರಿಗೂ ಒಂದೇ ಪುಸ್ತಕ ಇರಲಿ. ಲಾರಿ ಹಳೆಯದಾಗಿ ಡೀಸೆಲ್ ಕುಡಿಯುತ್ತಿದ್ದರೂ ಅದರಲ್ಲೇ ಗೊತ್ತಾಗುತ್ತದೆ.