ರಜೆಯ ಬೇರುಗಳು

ಒಂದು ನಾಡಿನ ರಜೆಯ ಪಟ್ಟಿಯನ್ನು ಅರಿತು ಓದಬಲ್ಲವರಿಗೆ ಅಲ್ಲಿಯ ಹವೆ, ಬೆಳೆ, ಕಷ್ಟಸುಖಗಳೆಲ್ಲವೂ ಗೋಚರಿಸುತ್ತವೆ. ಯುರೋಪಿನ ಉತ್ತರದಂಚಿನಲ್ಲಿರುವ ಸ್ವೀಡನ್ ಇದಕ್ಕೆ ಒಳ್ಳೆಯ ನಿದರ್ಶನ.

ಹಿಂದೆ ಅಲ್ಲಿ ಶರತ್ಕಾಲದಲ್ಲಿ ಆಲೂಗಡ್ಡೆ ಅಗೆಯುವ ಕೆಲಸಕ್ಕೆ ಮಕ್ಕಳ ಕೈಗಳೂ ಬೇಕಾಗುತ್ತಿದ್ದವು. ಅದಕ್ಕಾಗಿ ಶಾಲೆಗಳನ್ನು ಮುಚ್ಚುತ್ತಿದ್ದರು. ಜನ ಅದನ್ನು ‘ಆಲೂಗಡ್ಡೆ ರಜೆ’ ಎಂದೇ ಕರೆದರು. ಇಂದು ಆ ಕೆಲಸವನ್ನು ಯಂತ್ರಗಳು ಮಾಡುತ್ತವೆ. ಆದರೂ ಶರತ್ಕಾಲದ ರಜೆ ಉಳಿದಿದೆ; ಆ ವಾರದಲ್ಲಿ ಪುಸ್ತಕಗಳನ್ನು ಓದುವಂತೆ ಮಕ್ಕಳನ್ನು ಪ್ರೋತ್ಸಾಹಿಸುತ್ತಾರೆ.

ಚಳಿಗಾಲದ ರಜೆಯ ಕಥೆ ಬೇರೆ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಹೊರದೇಶಗಳಿಂದ ಬರುತ್ತಿದ್ದ ಇಂಧನಕ್ಕೆ ಅಭಾವವುಂಟಾಯಿತು. ಶಾಲೆಯ ಕೊಠಡಿಗಳನ್ನು ಬೆಚ್ಚಗಿಡುವುದು ದುಸ್ತರವಾದಾಗ, 1940ರಲ್ಲಿ ಇಂಧನ ಉಳಿಸಲೆಂದು ಚಳಿಗಾಲದ ನಡುವೆ ಶಾಲೆಗಳಿಗೆ ಬಿಡುವು ಕೊಟ್ಟರು. ಮಕ್ಕಳು ಸುಮ್ಮನೆ ಕಾಲ ಕಳೆಯದಿರಲೆಂದು ಹಿಮದ ಮೇಲೆ ಜಾರುವ ಆಟಗಳನ್ನು ಏರ್ಪಡಿಸಿದರು. ಯುದ್ಧ ಮುಗಿಯಿತು, ‘ಕ್ರೀಡಾ ರಜೆ’ ಉಳಿಯಿತು. ಈಗ ಬೇರೆ ಬೇರೆ ಪ್ರಾಂತಗಳು ಫೆಬ್ರವರಿ, ಮಾರ್ಚ್ ತಿಂಗಳುಗಳ ಬೇರೆ ಬೇರೆ ವಾರಗಳಲ್ಲಿ ಈ ರಜೆ ಕೊಡುತ್ತವೆ. ಇದರಿಂದ ರೈಲುಗಳಲ್ಲಿಯೂ ಹಿಮಕ್ರೀಡೆಯ ತಾಣಗಳಲ್ಲಿಯೂ ಜನಸಂದಣಿ ತಗ್ಗುತ್ತದೆ.

ಸಾರ್ವಜನಿಕ ರಜೆಯ ವಿಷಯದಲ್ಲಿಯೂ ಆ ಜನರದು ಇಂಥದೇ ಲೆಕ್ಕಾಚಾರ. 2005ರಲ್ಲಿ ರಾಷ್ಟ್ರೀಯ ದಿನವಾದ ಜೂನ್ 6ನ್ನು ರಜೆಯಾಗಿಸಿದಾಗ, ಅದಕ್ಕೆ ಬದಲಾಗಿ ಕ್ರೈಸ್ತರ ಹಬ್ಬದ ಒಂದು ಸೋಮವಾರದ ರಜೆಯನ್ನು ಕೈಬಿಟ್ಟರು.

ಹೊಲದ ದುಡಿಮೆಯಿಂದ ಒಂದು ರಜೆ, ಬಡತನದ ದಿನಗಳ ಮಿತವ್ಯಯದಿಂದ ಇನ್ನೊಂದು. ನಾವು ಹಾಯಾಗಿ ಕಳೆಯುವ ಬಿಡುವಿನ ಹಿಂದೆ ಹಿರಿಯರ ಎಷ್ಟು ಶ್ರಮ ಅಡಗಿದೆಯೋ!