ಕೇಳಿದವರಿಗೆ ಮಾತ್ರ ಬರೆಯಿರಿ: ಮನೆ ಉದ್ದಿಮೆಗೆ ಇಮೇಲ್ ಪತ್ರದ ದಾರಿ

ಶಿರಸಿ, ಸಿದ್ದಾಪುರ, ಸಾಗರದ ಕಡೆ ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾಡಿ ಆನ್‌ಲೈನ್‌ನಲ್ಲಿ ಮಾರುವವರು ಈಗ ಬಹಳ ಮಂದಿ. ಇನ್‌ಸ್ಟಾಗ್ರಾಂಗೆ ಫೋಟೊ ಹಾಕುತ್ತಾರೆ, ವಾಟ್ಸ್‌ಆ್ಯಪ್ ಸ್ಟೇಟಸ್ ಇಡುತ್ತಾರೆ. ಒಮ್ಮೆ ಕೊಂಡ ಗಿರಾಕಿ ಮತ್ತೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನಿಮ್ಮ ಫೋಟೊ ಯಾರ ಕಣ್ಣಿಗೆ ಬೀಳಬೇಕೆಂದು ಅಲ್ಲಿ ತೀರ್ಮಾನಿಸುವುದು ಆ ಕಂಪನಿಯ ಲೆಕ್ಕಾಚಾರ. ಗಿರಾಕಿ ತಾನಾಗಿ ಕೊಟ್ಟ ಇಮೇಲ್ ವಿಳಾಸವಾದರೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ತಿಂಗಳಿಗೊಂದು ಪತ್ರ, ಜೊತೆಗೆ ಜನ ಮಾತಾಡಿಕೊಳ್ಳುವ ಗುಂಪುಗಳಲ್ಲಿ ಒಂದಿಷ್ಟು ಹಾಜರಿ: ಜಾಹೀರಾತಿಗೆ ಹೆಚ್ಚು ದುಡ್ಡು ಸುರಿಯಲಾಗದ ಮನೆ ಉದ್ದಿಮೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಉಪ್ಪಿನಕಾಯಿಯ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಸೀರೆ, ಗಿಡ, ಪುಸ್ತಕ ಮಾರುವವರಿಗೂ ಕ್ರಮ ಇದೇ.

ಹಂತ 1: ಒಪ್ಪಿಗೆ ಪಡೆದು ಪಟ್ಟಿ ಮಾಡಿ

ಇದೊಂದು ಸರಿಯಾದರೆ ಉಳಿದದ್ದು ಅರ್ಧ ಸರಿಯಾದಂತೆ. ಆರ್ಡರ್ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ: ‘ಹೊಸ ಮಾಲು ಬಂದಾಗ ತಿಂಗಳಿಗೊಂದು ಇಮೇಲ್ ಪತ್ರ ಕಳಿಸಬಹುದೇ?’ ಪಕ್ಕದಲ್ಲಿ ಟಿಕ್ ಹಾಕುವ ಚೌಕ ಇರಲಿ, ಅದು ಖಾಲಿ ಇರಲಿ; ಟಿಕ್ ಹಾಕಬೇಕಾದವರು ಅವರು. ಮೇಳದಲ್ಲಿ ಮಳಿಗೆ ಹಾಕಿದ್ದರೆ ನೋಟ್‌ಬುಕ್ ಇಟ್ಟು ಹೆಸರು, ಇಮೇಲ್ ಬರೆಸಿಕೊಳ್ಳಿ. ಪಾರ್ಸೆಲ್ ಪೆಟ್ಟಿಗೆಯೊಳಗೆ ಕ್ಯೂಆರ್ ಕೋಡ್ ಇರುವ ಚೀಟಿ ಹಾಕಿದರೂ ಆಯಿತು.

ಸಾವಿರಾರು ವಿಳಾಸಗಳ ಪಟ್ಟಿಯನ್ನು ಅಗ್ಗಕ್ಕೆ ಕೊಡುತ್ತೇವೆಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಆ ಜನ ನಿಮ್ಮನ್ನು ಕೇಳಿಲ್ಲ. ನಿಮ್ಮ ಪತ್ರವನ್ನು ಸ್ಪ್ಯಾಮ್ ಎಂದು ಗುರುತಿಸುತ್ತಾರೆ. ಹಾಗೆ ಗುರುತಿಸಿದವರು ಹೆಚ್ಚಾದಂತೆ, ಪ್ರೀತಿಯಿಂದ ಓದುವ ಗಿರಾಕಿಗೆ ನೀವು ಕಳಿಸಿದ ಪತ್ರವೂ ಸ್ಪ್ಯಾಮ್ ಫೋಲ್ಡರಿಗೆ ಹೋಗತೊಡಗುತ್ತದೆ. ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು ಎನ್ನುತ್ತದೆ ಜಿಮೇಲ್. ಅಂದರೆ ಸಾವಿರಕ್ಕೆ ಮೂವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಒಪ್ಪಿಗೆಯೇ: ಏತಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲು ಆಗಬೇಕು.

ಹಂತ 2: ಕಳಿಸುವ ವ್ಯವಸ್ಥೆ

ಇಪ್ಪತ್ತು ಮೂವತ್ತು ಜನರಿದ್ದಾಗ ಸ್ವಂತ ಜಿಮೇಲ್ ಸಾಕು. ಆದರೆ ಎಲ್ಲರ ವಿಳಾಸವನ್ನೂ ‘ಟು’ ಜಾಗದಲ್ಲಿ ತುಂಬಬೇಡಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ, ‘ಬಿಸಿಸಿ’ ಬಳಸಿ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ ಸುಮಾರು 500 ಜನರಿಗಷ್ಟೇ ಕಳಿಸಬಹುದು. ಪಟ್ಟಿ ನೂರು ದಾಟುತ್ತಿದ್ದಂತೆ ಮೇಲ್‌ಚಿಂಪ್, ಬ್ರೆವೊ, ಜೊಹೊ ಕ್ಯಾಂಪೇನ್ಸ್‌ನಂಥ ಸೇವೆಗೆ ಹೋಗುವುದು ಮೇಲು. ಪತ್ರ ಬೇಡವಾದವರು ಹೊರಹೋಗುವ ಕೊಂಡಿಯನ್ನು ಅವು ತಾವೇ ಸೇರಿಸುತ್ತವೆ. ಉಚಿತ ಯೋಜನೆಯ ಮಿತಿಗಳು ಆಗಾಗ ಬದಲಾಗುವುದರಿಂದ ಸೇರುವ ದಿನವೇ ನೋಡಿಕೊಳ್ಳಿ.

ಸ್ವಂತ ಡೊಮೇನ್ ಇದ್ದರೆ ಒಳ್ಳೆಯದು. ಪತ್ರ ನಿಜವಾಗಿ ನಿಮ್ಮಿಂದಲೇ ಬಂದಿದೆ ಎಂದು ಎದುರಿನ ಮೇಲ್ ಸರ್ವರಿಗೆ ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಹಾಕಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಜಿಮೇಲ್ ಇವನ್ನು 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿದೆ. ಸಣ್ಣವರಿಗೂ ಇವುಗಳಿಂದ ಲಾಭವೇ. ಹೆಸರು ಕೇಳಿ ಹೆದರಬೇಡಿ. ಏನು ಅಂಟಿಸಬೇಕು, ಎಲ್ಲಿ ಅಂಟಿಸಬೇಕು ಎಂದು ಸೇವೆಯವರೇ ತೋರಿಸುತ್ತಾರೆ.

ಹಂತ 3: ಪತ್ರ ಬರೆಯುವುದು

ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ: ‘ಏನು ಬರೆಯಲಿ? ನಾನೇನು ಬರಹಗಾರಳೇ?’ ಬರೆಯುವ ವಿಷಯ ಋತುವೇ ಕೊಡುತ್ತದೆ. ಆಲೆಮನೆ ನಡೆಯುವಾಗ ಜೋನಿ ಬೆಲ್ಲದ ಮಾತು. ಮಿಡಿ ಇಳಿಸುವ ಕಾಲಕ್ಕೆ ಈ ವರ್ಷ ಯಾವ ಮರ ಕಾಯಿ ಬಿಟ್ಟಿದೆ, ಜೀರಿಗೆ ಮಿಡಿ ಸಿಕ್ಕಿತೇ ಎಂಬ ಸುದ್ದಿ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮುರುಗಲು. ಮಳೆ ಹಿಡಿದ ಮೇಲೆ ಉಪ್ಪಿನಕಾಯಿ ಕೆಡದಂತೆ ಇಡುವ ಬಗೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ, ಮುಂಬೈಯಲ್ಲಿ ಕೂತು ಓದುವ ಮಲೆನಾಡಿನವರಿಗೆ ಈ ಸುದ್ದಿಯೇ ಅರ್ಧ ಊರು.

ಪತ್ರದಲ್ಲಿ ಮುಕ್ಕಾಲು ಭಾಗ ಓದುಗರಿಗೆ ಉಪಯೋಗವಾಗುವ ಮಾತಿರಲಿ, ಕಾಲು ಭಾಗ ಮಾರಾಟ. ಮಾರಾಟದ ಮಾತನ್ನು ಮುಚ್ಚಿಡಬೇಡಿ. ಏನಿದೆ, ಎಷ್ಟು ತೂಕ, ಎಷ್ಟು ಬೆಲೆ, ಅಂಚೆ ವೆಚ್ಚ ಸೇರಿದೆಯೇ, ಯಾವ ದಿನ ಕಳಿಸುತ್ತೀರಿ ಎಂದು ಸ್ಪಷ್ಟವಾಗಿ ಹೇಳಿ. ಆರ್ಡರ್ ಮಾಡುವ ಕೊಂಡಿ ಒಂದೇ ಇರಲಿ.

ಪತ್ರ ತೆರೆಯಬೇಕೋ ಬೇಡವೋ ಎಂಬುದು ವಿಷಯದ ಸಾಲಿನಲ್ಲೇ ತೀರ್ಮಾನವಾಗುತ್ತದೆ. ‘ಭರ್ಜರಿ ಆಫರ್!!!’ ಎಂದರೆ ನೂರು ಅಂಗಡಿಗಳ ನಡುವೆ ನೀವೂ ಒಬ್ಬರು. ‘ಈ ವರ್ಷದ ಅಪ್ಪೆಮಿಡಿ ಉಪ್ಪಿಗೆ ಬಿತ್ತು’ ಎಂದು ಬರೆದರೆ ಅದು ನಿಮ್ಮ ಮನೆಯಿಂದ ಮಾತ್ರ ಬರಬಹುದಾದ ಪತ್ರ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಇಮೇಲಿಗೆ ಅಂಟಿಸಿದರೆ ಆಚೆ ಬದಿಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ, ಮೊಬೈಲಿನ ಕನ್ನಡ ಕೀಲಿಮಣೆ ಮೂಡಿಸುವುದು ಅದನ್ನೇ. ಇಡೀ ಪತ್ರವನ್ನು ಪೋಸ್ಟರ್ ಮಾಡಿ ಚಿತ್ರವಾಗಿ ಕಳಿಸುವ ಅಭ್ಯಾಸವನ್ನೂ ಬಿಡಿ. ಚಿತ್ರಗಳನ್ನು ತಡೆದಿಟ್ಟ ಕಡೆ ಖಾಲಿ ಚೌಕ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಾತು ಅಕ್ಷರದಲ್ಲಿರಲಿ, ಜೊತೆಗೆ ಒಂದೆರಡು ಫೋಟೊ ಸಾಕು. ಮೊದಲು ನಿಮಗೇ ಕಳಿಸಿಕೊಂಡು ಮೊಬೈಲಿನಲ್ಲಿ ತೆರೆದು ನೋಡಿ, ಕೊಂಡಿ ಒತ್ತಿ ನೋಡಿ, ಆಮೇಲೆ ಎಲ್ಲರಿಗೂ ಕಳಿಸಿ.

ಹಂತ 4: ಚರ್ಚೆಯ ಗುಂಪುಗಳಲ್ಲಿ

1994ರ ಏಪ್ರಿಲ್‌ನಲ್ಲಿ ಕ್ಯಾಂಟರ್ ಮತ್ತು ಸೀಗಲ್ ಎಂಬ ಅಮೆರಿಕದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾ ಗುಂಪುಗಳಿಗೆ ಒಮ್ಮೆಲೇ ಸುರಿದರು. ಬಂದ ಬೈಗುಳದ ಪತ್ರಗಳ ಭಾರಕ್ಕೆ ಅವರ ಇಂಟರ್‌ನೆಟ್ ಸೇವಾದಾರರ ಕಂಪ್ಯೂಟರುಗಳೇ ಪದೇ ಪದೇ ಕೆಟ್ಟು ನಿಂತವು. ಇಂದಿನ ಫೇಸ್‌ಬುಕ್ ಗುಂಪು, ರೆಡ್ಡಿಟ್, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಜನರ ಸ್ವಭಾವ ಅದೇ.

ಅಡುಗೆಗೋ ಊರಿಗೋ ಸಂಬಂಧಿಸಿದ ಒಂದೆರಡು ಗುಂಪು ಆರಿಸಿಕೊಳ್ಳಿ. ಮಾರಾಟದ ಬಗ್ಗೆ ಅಲ್ಲಿನ ನಿಯಮ ಓದಿ. ಸಂಶಯವಿದ್ದರೆ ಅಡ್ಮಿನ್‌ಗೆ ಕೇಳಿ. ಕೆಲವು ವಾರ ಬರೀ ಉತ್ತರ ಕೊಡಿ. ‘ಮಿಡಿ ಉಪ್ಪಿನಕಾಯಿಗೆ ಬೂಷ್ಟು ಯಾಕೆ ಬರುತ್ತದೆ?’ ಎಂದು ಯಾರಾದರೂ ಕೇಳಿದರೆ ಪೂರ್ತಿ ಹೇಳಿ: ಮಿಡಿಯಲ್ಲಿ ನೀರಿನ ಪಸೆ ಇತ್ತೇ, ಉಪ್ಪು ಕಡಿಮೆಯಾಯಿತೇ, ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿದ್ದರೇ, ಒದ್ದೆ ಸೌಟು ಹಾಕಿದರೇ ಎಂದು ಒಂದೊಂದಾಗಿ. ಹೇಳಿಕೊಟ್ಟರೆ ನಮ್ಮ ವ್ಯಾಪಾರ ಹೋಗುತ್ತದೆಂಬ ಭಯ ಹಲವರಿಗಿದೆ. ವಿಧಾನ ತಿಳಿದವರೆಲ್ಲ ಭರಣಿ ತೊಳೆದು ಕೂರುವುದಿಲ್ಲ. ಬಲ್ಲವರಿಂದ ಕೊಳ್ಳೋಣ ಎನ್ನುವವರೇ ಹೆಚ್ಚು. ನೀವು ಮಾರುವವರು ಎಂಬುದನ್ನು ಮರೆಮಾಡಬೇಡಿ, ಬೇರೆ ಹೆಸರಿನಲ್ಲಿ ಬಂದು ನಿಮ್ಮ ಮಾಲನ್ನೇ ಹೊಗಳಬೇಡಿ. ಪ್ರೊಫೈಲಿನಲ್ಲಿ ಪತ್ರಕ್ಕೆ ಸೇರುವ ಕೊಂಡಿ ಇರಲಿ. ಇನ್ನೊಂದು ಲಾಭವೂ ಉಂಟು: ಗುಂಪಿನಲ್ಲಿ ಬಂದ ಪ್ರಶ್ನೆಯೇ ಮುಂದಿನ ತಿಂಗಳ ಪತ್ರಕ್ಕೆ ವಿಷಯ.

ಹಂತ 5: ನೋಡಿ, ತಿದ್ದಿ

ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿಯನ್ನು ಪೂರ್ತಿ ನಂಬಬೇಡಿ. 2021ರಲ್ಲಿ ಆ್ಯಪಲ್ ತನ್ನ ಮೇಲ್‌ನಲ್ಲಿ ತಂದ ಖಾಸಗಿತನದ ವ್ಯವಸ್ಥೆಯಿಂದ, ಓದದ ಪತ್ರವೂ ತೆರೆದಂತೆ ಕಾಣಬಹುದು. ಕೊಂಡಿ ಒತ್ತಿದವರು, ಉತ್ತರ ಬರೆದವರು, ಆರ್ಡರ್ ಕೊಟ್ಟವರು ಎಷ್ಟು ಎಂಬುದೇ ನಿಜವಾದ ಲೆಕ್ಕ. ತಲುಪದೆ ವಾಪಸಾದ ವಿಳಾಸಗಳನ್ನು ತೆಗೆದುಹಾಕಿ. ಹೊರಹೋದವರನ್ನು ಮತ್ತೆ ಸೇರಿಸಬೇಡಿ. ಬಂದ ಪ್ರತಿ ಉತ್ತರಕ್ಕೂ ನೀವೇ ಮರುತ್ತರ ಬರೆಯಿರಿ. ದೊಡ್ಡ ಕಂಪನಿಗಳಿಗೆ ಇದು ಸಾಧ್ಯವಿಲ್ಲ, ನಿಮಗೆ ಸಾಧ್ಯ.

ಇವತ್ತೇ ಹಳೆಯ ಆರ್ಡರ್ ಪುಸ್ತಕ ತೆಗೆಯಿರಿ. ಎರಡು ಸಲಕ್ಕಿಂತ ಹೆಚ್ಚು ಕೊಂಡ ಹತ್ತು ಗಿರಾಕಿಗಳಿಗೆ ಫೋನ್ ಮಾಡಿ, ಪತ್ರ ಕಳಿಸಬಹುದೇ ಎಂದು ಕೇಳಿ. ಹೂಂ ಎಂದವರ ಹೆಸರಿನಿಂದಲೇ ನಿಮ್ಮ ಪಟ್ಟಿ ಶುರುವಾಗಲಿ.