ವೇಗ ಆಮೇಲೆ, ಮೊದಲು ಬ್ರೇಕು

ಇಪ್ಪತ್ತೊಂದು ಗೇರಿನ ಸೈಕಲ್ ತಂದಿದ್ದೀಯ, ಸಂತೋಷ ಮಗಾ. ರಜೆ ಮುಗಿಯುವುದರೊಳಗೆ ದೇವರಾಯನದುರ್ಗ ಹತ್ತಬೇಕು, ಆಮೇಲೆ ಬೆಂಗಳೂರಿನವರ ಜೊತೆ ಸೇರಿ ಇನ್ನೂರು ಕಿಲೋಮೀಟರ್ ತುಳಿಯಬೇಕು ಅಂತ ಅಜ್ಜಿ ಮುಂದೆ ಹೇಳಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಬೇಡ ಅನ್ನುವವನು ನಾನಲ್ಲ. ಸಿ.ಎಸ್. ಪುರದಿಂದ ಗುಬ್ಬಿಗೋ ತುರುವೇಕೆರೆಗೋ ಹೋಗಬೇಕಾದರೆ ಬಸ್ಸಿಗೆ ಕಾಯುವುದಕ್ಕಿಂತ ಸೈಕಲ್ ತುಳಿಯುವುದೇ ವಾಸಿ ಅಂದುಕೊಂಡಿದ್ದ ತಲೆಮಾರು ನಮ್ಮದು. ಕ್ಯಾರಿಯರಿನ ಮೇಲೆ ಅರ್ಧ ಮೂಟೆ ರಾಗಿ, ಬಾರಿನ ಮೇಲೆ ಒಂದು ಮಗು, ಹ್ಯಾಂಡಲಿಗೆ ಸಂತೆ ಚೀಲ. ಗೇರು ಗೀರು ಏನೂ ಇರಲಿಲ್ಲ. ಹಾಗಾಗಿ ನಿನ್ನ ಹೊಸ ಗಾಡಿಯ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗೂ ಇದೆ.

ಅದು ಎಷ್ಟು ಜೋರಾಗಿ ಹೋಗುತ್ತದೆ ಅಂತ ಅಂಗಡಿಯವನು ಹೇಳಿ ಮಾರಿದ. ಹೇಗೆ ನಿಲ್ಲುತ್ತದೆ ಅಂತ ಅವನು ಹೇಳಲಿಲ್ಲ, ನೀನೂ ಕೇಳಲಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕಡೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದು. ತಿರುಗಾಮುರುಗಾ ಇರುವುದೂ ಉಂಟು, ಹತ್ತುವ ಮುಂಚೆ ನಿನ್ನದು ಹೇಗಿದೆ ನೋಡಿಕೋ. ಮುಂದಿನ ಬ್ರೇಕು ಹಿಡಿದರೆ ತಲೆಕೆಳಗಾಗಿ ಬೀಳುತ್ತೇವೆ ಅನ್ನುವ ಹೆದರಿಕೆ ಊರಲ್ಲಿ ಎಲ್ಲರಿಗೂ ಇದೆ. ಅದಕ್ಕೇ ಹಿಂದಿನದನ್ನೇ ಗಟ್ಟಿಯಾಗಿ ಒತ್ತುತ್ತಾರೆ. ಚಕ್ರ ಉಜ್ಜಿಕೊಂಡು ಜಾರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಓಡುವ ಸೈಕಲ್ಲನ್ನು ನಿಲ್ಲಿಸಲು ಹೊರಟಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಒಣಗಿದ ಟಾರು ರಸ್ತೆಯಲ್ಲಿ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದೇ. ಗಾಬರಿಬಿದ್ದು ಅದನ್ನು ಒಂದೇ ಸಲ ಅಮುಕಿ, ಮೈಯನ್ನೂ ಮುಂದಕ್ಕೆ ಹೋಗಲು ಬಿಟ್ಟವರೇ ಬೀಳುವುದು.

ಸ್ಕೂಲಿನ ಬಯಲಿಗೆ ಹೋಗು. ಒಂದು ಗೆರೆ ಎಳೆದು, ನಡಿಗೆಗಿಂತ ಸ್ವಲ್ಪ ಜೋರಾಗಿ ಬಂದು, ಗೆರೆ ಮುಟ್ಟಿದ ಕೂಡಲೇ ಹಿಂದಿನ ಬ್ರೇಕೊಂದನ್ನೇ ಹಿಡಿ. ಎಷ್ಟು ದೂರ ಹೋಗಿ ನಿಂತೆ, ಗುರುತು ಮಾಡು. ಆಮೇಲೆ ಎರಡನ್ನೂ ಹಿಡಿ: ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳು, ತೋಳು ಬಿಗಿಯಾಗಿರಲಿ, ಮುಂದಿನದನ್ನು ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ ಒತ್ತು. ಎರಡು ಗುರುತುಗಳ ನಡುವಿನ ಅಂತರ ನೋಡಿದ ಮೇಲೆ ನನ್ನ ಉಪದೇಶ ನಿನಗೆ ಬೇಕಾಗುವುದಿಲ್ಲ. ಮರಳು, ಜಲ್ಲಿ, ಕೆಸರು ಇದ್ದಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿಗೆ ಹೋಗುವ ಮುಂಚೆಯೇ ವೇಗ ಇಳಿಸಿಕೊಂಡು, ಹ್ಯಾಂಡಲ್ ನೆಟ್ಟಗಿಟ್ಟುಕೊಂಡು, ಮುಂದಿನ ಬ್ರೇಕು ಮುಟ್ಟದೆ ದಾಟಬೇಕು. ನಿನ್ನ ತಂಗಿ ತುಳಿಯುವ ಹಳೇ ಸೈಕಲ್ಲಿಗೆ ಉಕ್ಕಿನ ರಿಮ್ಮು. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮನ್ನು ಬ್ರೇಕ್ ರಬ್ಬರು ಹಿಡಿಯುವುದೇ ಇಲ್ಲ ಅನ್ನಬಹುದು. ತಿರುವು ಬರುವುದಕ್ಕೆ ಸಾಕಷ್ಟು ಮುಂಚೆ ಬ್ರೇಕನ್ನು ಸ್ವಲ್ಪ ಸ್ವಲ್ಪ ತಾಗಿಸಿ ನೀರು ಒರೆಸಿಕೊಂಡಿರಬೇಕು ಅಂತ ಅವಳಿಗೂ ಹೇಳು.

ಇನ್ನು ನಮ್ಮ ರಸ್ತೆ. ಬೆಂಗಳೂರಿನಲ್ಲಿ ಸೈಕಲ್ ಕಲಿತವರಿಗೆ ಗೊತ್ತಿಲ್ಲದ ಒಂದು ಅಪಾಯ ಇಲ್ಲಿದೆ. ರಾಗಿ ಕೊಯ್ಲು ಮುಗಿದು ಸಂಕ್ರಾಂತಿ ಹತ್ತಿರ ಬಂತು ಅಂದರೆ ಕಣ ಮಾಡುವವರೇ ಇಲ್ಲ, ಟಾರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ ಎಲ್ಲ ರಸ್ತೆಗೆ ಹರಡುತ್ತಾರೆ, ಲಾರಿ ಬಸ್ಸು ತುಳಿದು ಒಕ್ಕಣೆ ಮಾಡಿಕೊಡುತ್ತವೆ. ನಾಲ್ಕು ಚಕ್ರದವರಿಗೆ ಅದು ಮೆತ್ತನೆ ಹಾಸಿಗೆ. ನಿನಗೆ ಮಾತ್ರ ಕಾಳಿನ ಮೇಲೆ ಕಾಳು ಉರುಳುವ ಜಾರುಬಂಡೆ. ಹುಲ್ಲು ಚೈನಿಗೂ ಫ್ರೀವೀಲಿಗೂ ಸುತ್ತಿಕೊಂಡು ಚಕ್ರವೇ ಕಚ್ಚಿಕೊಳ್ಳುವುದುಂಟು. ಬೆಳೆದವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ನಮ್ಮ ಮನೆಯದೂ ಅಲ್ಲೇ ಹರಡಿರುತ್ತದೆ! ಇಳಿದು ತಳ್ಳಿಕೊಂಡು ದಾಟು. ಇಳಿದರೆ ಮಾನ ಹೋಗುವುದಿಲ್ಲ.

ಟಾರಿನ ಅಂಚೂ ಅಷ್ಟೇ. ಹಿಂದಿನಿಂದ ತೆಂಗಿನಕಾಯಿ ತುಂಬಿದ ಲಾರಿ ಹಾರನ್ ಹೊಡೆದರೆ ಗಾಬರಿಯಲ್ಲಿ ಮಣ್ಣಿಗಿಳಿಯುತ್ತೀಯ, ಅದು ಹೋದ ಮೇಲೆ ಓರೆಯಾಗಿ ಮತ್ತೆ ಟಾರಿಗೆ ಹತ್ತಿಸಲು ನೋಡುತ್ತೀಯ. ಮುಂದಿನ ಚಕ್ರ ಅಂಚಿಗೆ ಸವರಿಕೊಂಡು ನಿನ್ನನ್ನು ರಸ್ತೆ ನಡುವಿಗೇ ಎಸೆಯುತ್ತದೆ. ನಿಂತು, ಎತ್ತಿ ಇಟ್ಟು, ಹೊರಡು. ಗುಬ್ಬಿ, ನಿಟ್ಟೂರಿನ ಕಡೆ ರೈಲು ಹಳಿ ದಾಟುವಾಗಲೂ ಚಕ್ರ ಹಳಿಗೆ ನೇರ ಅಡ್ಡವಾಗಿಯೇ ಹೋಗಬೇಕು, ಓರೆಯಾದರೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣು ಎಲ್ಲಿ ನೋಡುತ್ತದೋ ಹ್ಯಾಂಡಲ್ ಅಲ್ಲಿಗೇ ತಿರುಗುತ್ತದೆ. ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಹೋಗುತ್ತಾನೆ. ಗುಂಡಿಯ ಪಕ್ಕದ ದಾರಿ ನೋಡು.

ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಊರುಗಳಲ್ಲಿ ಸ್ಲೋ ಸೈಕಲ್ ರೇಸ್ ಇಡುತ್ತಾರಲ್ಲ, ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಬಂದವನೇ ಗೆದ್ದ ಹಾಗೆ. ಅದನ್ನು ಮಕ್ಕಳಾಟ ಅಂತ ಬಿಡಬೇಡ. ಸೈಕಲ್ ವಿದ್ಯೆಯ ಮುಕ್ಕಾಲು ಪಾಲು ಅದರಲ್ಲಿದೆ. ಜೋರಾಗಿ ಹೋಗುವಾಗ ಸೈಕಲ್ ತನ್ನಷ್ಟಕ್ಕೆ ತಾನೇ ನೆಟ್ಟಗಿರುತ್ತದೆ. ನಿಧಾನವಾದಾಗಲೇ ನಿಲುವು ನಿನ್ನದೋ ಗಾಡಿಯದೋ ಅಂತ ಗೊತ್ತಾಗುವುದು. ಹಿಂದೆ ನಮ್ಮ ಕಡೆ ಹಳ್ಳಿಗಳಿಗೆ ಸೈಕಲ್ ಆಟದವರು ಬರುತ್ತಿದ್ದರು. ಊರ ಮುಂದೆ ಕಂಬ ನೆಟ್ಟು, ಮೈಕು ಕಟ್ಟಿ, ದಿನಗಟ್ಟಲೆ ಕೆಳಗಿಳಿಯದೆ ಸುತ್ತು ಹೊಡೆಯುವುದು. ಊಟ, ಸ್ನಾನ, ಬಟ್ಟೆ ಬದಲಾಯಿಸುವುದು ಎಲ್ಲ ಸೈಕಲ್ ಮೇಲೆಯೇ. ಜನ ಅವರು ಕೈಬಿಟ್ಟು ಓಡಿಸುವುದನ್ನು ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು. ನನಗೆ ಈಗಲೂ ಅಚ್ಚರಿ ಅನಿಸುವುದು ಆ ಕಿರಿದಾದ ಸುತ್ತಿನಲ್ಲಿ ಅವರು ಕಾಪಾಡಿಕೊಳ್ಳುತ್ತಿದ್ದ ನಿಧಾನ. ನೀನು ಕೈಬಿಡಬೇಡ. ಹೆಗಲ ಮೇಲಿಂದ ಹಿಂದೆ ನೋಡಿದರೂ ಗಾಡಿ ಗೆರೆ ತಪ್ಪದ ಹಾಗೆ, ಒಂದು ಕೈ ಎತ್ತಿ ಸನ್ನೆ ಮಾಡಿದರೂ ಅಲುಗದ ಹಾಗೆ ಬಯಲಲ್ಲಿ ರೂಢಿ ಮಾಡಿಕೋ. ಅದು ಬರುವ ತನಕ ಹೆದ್ದಾರಿ ಬೇಡ.

ಗಾಡಿ ನೋಡಿಕೊಳ್ಳುವ ವಿಷಯಕ್ಕೆ ಬರೋಣ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನಿಮ್ಮತ್ತೆಗೆ ಸಿಕ್ಕ ಸೈಕಲ್ಲನ್ನೇ ಈಗ ನಿನ್ನ ತಂಗಿ ತುಳಿಯುತ್ತಿರುವುದು. ಅದೇ ಕಾಲದಲ್ಲಿ ಬಂದ ಎಷ್ಟೋ ಸೈಕಲ್ಲುಗಳು ಕೊಟ್ಟಿಗೆ ಗೋಡೆಗೆ ಒರಗಿ ತುಕ್ಕು ತಿಂದವು. ದೊಡ್ಡ ಕಾಯಿಲೆ ಬಂದು ಹೋದವು ಅವುಗಳಲ್ಲಿ ಕಡಿಮೆ. ಹೊಸ ಸೈಕಲ್ಲಿನ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ಸಡಿಲವಾಗುತ್ತವೆ, ಬ್ರೇಕಿನ ತಂತಿ ಜಗ್ಗುತ್ತದೆ, ನಟ್ಟುಗಳು ಕೂತುಕೊಳ್ಳುತ್ತವೆ. ಆಗ ಒಂದು ಸಲ ಬಿಗಿ ಮಾಡಿಸಿದರೆ ಮುಗಿಯಿತು. ಮಾಡಿಸದಿದ್ದರೆ ಒಂದು ಕಡ್ಡಿ ಮುರಿಯುತ್ತದೆ, ಅದರ ಭಾರ ಪಕ್ಕದ ಕಡ್ಡಿಗೆ ಬೀಳುತ್ತದೆ, ಚಕ್ರ ಔಟಾಗುತ್ತದೆ, ರಿಮ್ಮು ಬ್ರೇಕಿಗೆ ತಾಗುತ್ತದೆ, ಆಮೇಲೆ ಯಾರೋ ಬ್ರೇಕನ್ನೇ ಕಳಚಿ ಇಡುತ್ತಾರೆ. ನಿನ್ನದನ್ನು ತಿಂಗಳೊಳಗೆ ಅಂಗಡಿಗೆ ಒಯ್ದು ತೋರಿಸು.

ಗಾಳಿ ಎಷ್ಟಿರಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿದೆ. ನಿನ್ನದರಲ್ಲಿ 40ರಿಂದ 65 ಪಿಎಸ್‌ಐ ಅಂತ ಇದೆ, ನಿನ್ನ ತೂಕಕ್ಕೆ ನಡುಮಧ್ಯ ಸಾಕು. ಗಾಳಿ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿ ಪಕ್ಕಪಕ್ಕದಲ್ಲಿ ಎರಡು ತೂತು ಮಾಡುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಕಾರಿಗೆ ಮಾಡಿದ್ದು. ಸೈಕಲ್ ಟ್ಯೂಬು ಕಣ್ಣು ಮಿಟುಕಿಸುವುದರೊಳಗೆ ತುಂಬಿ ಒಡೆಯಬಹುದು, ಕೈಪಂಪೇ ಒಳ್ಳೆಯದು. ಪಂಚರ್ ಹಾಕುವುದನ್ನು ನೀನೇ ಕಲಿ. ನಮ್ಮ ಹೊಲದ ದಾರಿಗಳಲ್ಲಿ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಎರಡಕ್ಕೂ ಬರವಿಲ್ಲ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕಿ, ಒರೆಸಿ ಒಣಗಿಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಕಾದು ಆಮೇಲೆ ತೇಪೆ ಒತ್ತಬೇಕು. ಹಸಿ ಇರುವಾಗಲೇ ಅಂಟಿಸುವ ಅವಸರದವರ ತೇಪೆ ಕಡಬ ದಾಟುವುದರೊಳಗೆ ಏಳುತ್ತದೆ. ಟ್ಯೂಬು ವಾಪಸ್ ಹಾಕುವ ಮುಂಚೆ ಟೈರಿನ ಒಳಗೆ ಹತ್ತಿಬಟ್ಟೆ ಸುತ್ತಾ ಎಳೆ. ಮುಳ್ಳು ಅಲ್ಲೇ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಚೈನಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ತೆಂಗಿನ ಸೀಮೆಯ ನಮ್ಮಲ್ಲಿ ಹೋಗಿಲ್ಲ. ಮನೆಯಲ್ಲಿ ಸಿಗುತ್ತದೆ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಗುಣವಿಲ್ಲ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ಮಾಗಿಯ ಬೆಳಿಗ್ಗೆ ಬಾಟಲಿಯಲ್ಲಿ ನೋಡಿಲ್ಲವೇ? ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಮೋಟಾರ್ ಸೈಕಲ್ಲಿನ ಸುಟ್ಟ ಎಣ್ಣೆಯೂ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ತೆಳು ಎಣ್ಣೆಯನ್ನು ಚೈನಿನ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನೆಲ್ಲ ಒರೆಸಿಬಿಡು. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ. ಹೊರಗೆ ಹೊಳೆಯುವ ಎಣ್ಣೆ ಮಣ್ಣು ಹಿಡಿಯುವುದಕ್ಕೆ ಮಾತ್ರ. ಬ್ರೇಕಿನ ಡಿಸ್ಕಿಗೆ ಒಂದು ಹನಿ ಬಿದ್ದರೂ ಬ್ರೇಕು ಕೆಟ್ಟಿತು ಅಂತಲೇ ತಿಳಿ. ಚೈನು ಸವೆದಿದೆಯೋ ಇಲ್ಲವೋ ನಿನ್ನ ಸ್ಕೂಲಿನ ಸ್ಕೇಲೇ ಹೇಳುತ್ತದೆ. ಒಂದು ಪಿನ್ನಿನಿಂದ ಮುಂದಕ್ಕೆ 24 ಪಿನ್ನು ಎಣಿಸಿದರೆ ಹೊಸದರಲ್ಲಿ ಸರಿಯಾಗಿ 12 ಅಂಗುಲ. ಅಂಗುಲದ ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಹಲ್ಲುಗಳನ್ನೂ ತಿನ್ನಲು ಶುರು ಮಾಡಿದೆ.

ಪೆಡಲ್ ಬಿಚ್ಚಲು ಹೋಗಿ ಹಾಳು ಮಾಡುವವರು ಬಹಳ. ಎಡ ಪೆಡಲಿನ ಮರೆ ಉಲ್ಟಾ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಗಿಯಾಗುತ್ತವೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚಿಕೊಳ್ಳುತ್ತವೆ.

ಸೀಟು ಬಹಳ ತಗ್ಗಿಸಿ ಕೂತಿದ್ದೀಯ. ಅದರಲ್ಲಿ ಬೆಟ್ಟ ಹತ್ತಿದರೆ ಮಂಡಿಯ ಮುಂಭಾಗ ಹಿಡಿದುಕೊಳ್ಳುತ್ತದೆ. ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಡಿಸಿರುತ್ತದೆ. ಸೊಂಟ ಆ ಕಡೆ ಈ ಕಡೆ ಹೊಯ್ದಾಡಿದರೆ ಎತ್ತರ ಜಾಸ್ತಿಯಾಯಿತು ಅಂತ. ಗೇರನ್ನು ಏರು ಶುರುವಾಗುವ ಮುಂಚೆಯೇ, ಪೆಡಲ್ ಮೆಲ್ಲಗೆ ತುಳಿಯುತ್ತಾ ಇಳಿಸು. ಏರಿನ ನಡುವೆ ಬಲ ಹಾಕಿ ಬದಲಾಯಿಸಿದರೆ ಚೈನು ಕಳಚುತ್ತದೆ, ಕೆಲವು ಸಲ ಮುರಿಯುತ್ತದೆ. ಭಾರದ ಗೇರು ಹಾಕಿ ಹಲ್ಲುಕಚ್ಚಿ ತುಳಿಯುವುದು ಗಂಡಸುತನ ಅಂತ ನಿನ್ನ ಗೆಳೆಯರು ಅಂದುಕೊಂಡಿದ್ದಾರೆ. ಹಗುರ ಗೇರಿನಲ್ಲಿ ಬಲಗಾಲು ಕಾಲು ನಿಮಿಷಕ್ಕೆ ಇಪ್ಪತ್ತು ಸುತ್ತು ಬರುವ ಹಾಗೆ ತುಳಿದು ನೋಡು. ಮೊದಲು ವಿಚಿತ್ರ ಅನಿಸುತ್ತದೆ, ಸಂಜೆಗೆ ಮಂಡಿ ಧನ್ಯವಾದ ಹೇಳುತ್ತದೆ.

ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ. ಕಡಬದ ಕೆರೆಗೆ ಬರುವ ಶಿಂಷೆ ಹುಟ್ಟುವುದೂ ಆ ಬೆಟ್ಟದಲ್ಲೇ, ಹಾಗಾಗಿ ನೆಂಟಸ್ತಿಕೆಯಂತೂ ಇದೆ. ಆದರೆ ನೇರವಾಗಿ ಅಲ್ಲಿಗೆ ಹೋಗಬೇಡ. ಮೊದಲ ತಿಂಗಳು ಕಡಬದ ಕಡೆಗೋ ಯಡಿಯೂರಿನ ಕಡೆಗೋ, ಪಕ್ಕದವನ ಜೊತೆ ಮಾತಾಡಿಕೊಂಡೇ ತುಳಿಯಬಹುದಾದ ವೇಗದಲ್ಲಿ ಹೋಗಿ ಬಾ. ಮಾತು ತುಂಡಾಗುತ್ತಿದೆ ಅಂದರೆ ನಿಧಾನಿಸು. ಹಿಂದಿನ ವಾರಕ್ಕಿಂತ ಹತ್ತನೇ ಒಂದು ಪಾಲು ಹೆಚ್ಚಿಸಿದರೆ ಸಾಕು, ವಾರದಲ್ಲಿ ಒಂದೆರಡು ದಿನ ಸೈಕಲ್ ಮುಟ್ಟಲೇಬೇಡ. ಕಾಲು ಗಟ್ಟಿಯಾಗುವುದು ಆ ಬಿಡುವಿನ ದಿನಗಳಲ್ಲಿ. ಬೆಟ್ಟ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ: ಬ್ರೇಕನ್ನು ಉದ್ದಕ್ಕೂ ಹಿಡಿದೇ ಇದ್ದರೆ ಕಾಯುತ್ತದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿ, ತಿರುವಿಗೆ ಮುಂಚೆಯೇ ವೇಗ ಇಳಿದಿರಲಿ. ಕೋತಿಗಳು ಯಾವ ಕಡೆಯಿಂದ ನೆಗೆಯುತ್ತವೆ ಅಂತ ಹೇಳಲಾಗದು.

ಮುದ್ದೆ ತಿಂದು ಕೂಡಲೇ ಹೊರಡಬೇಡ, ಎರಡು ಗಂಟೆ ಬಿಡು. ಒಂದು ಗಂಟೆ ಮೀರಿದ ಸವಾರಿಗೆ ಜೇಬಲ್ಲಿ ಬಾಳೆಹಣ್ಣು, ಕಡ್ಲೆಕಾಯಿ ಮಿಠಾಯಿ ಇರಲಿ. ನೀರನ್ನು ಬಾಯಾರಿದ ಮೇಲೆ ಗಟಗಟ ಕುಡಿಯದೆ ಕಾಲು ಗಂಟೆಗೊಂದು ಗುಟುಕು ಕುಡಿ, ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇನ್ನೂ ಒಳ್ಳೆಯದು.

ಆ ಇನ್ನೂರು ಕಿಲೋಮೀಟರ್ ವಿಷಯ. ಬ್ರೆವೆ ಅಂತ ಕರೆಯುವ ಆ ಸವಾರಿಗೆ 13 ಗಂಟೆ 30 ನಿಮಿಷ ಕೊಡುತ್ತಾರೆ, ಊಟ, ಪಂಚರ್, ಟೀ ಎಲ್ಲ ಅದರಲ್ಲೇ. ಲೆಕ್ಕ ಹಾಕಿದರೆ ಗಂಟೆಗೆ 15 ಕಿಲೋಮೀಟರ್ ಕೂಡ ಆಗುವುದಿಲ್ಲ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ ಸುಮಾರು 1,200 ಕಿಲೋಮೀಟರ್ ಸವಾರಿ 1891ರಲ್ಲಿ ಶುರುವಾದದ್ದು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಹೆಚ್ಚೆಂದರೆ 90 ಗಂಟೆ. ಅಲ್ಲೂ ರೇಸಿನ ವೇಗ ಕೇಳುವುದಿಲ್ಲ, ಗಾಡಿ ಕೆಡದೆ ಮೈ ಕೆಡದೆ ತಲುಪಬೇಕು, ಅಷ್ಟೇ. ನಿನಗೆ ಬೇಕಾದದ್ದು ಅದೇ ತಾಲೀಮು. ರಾತ್ರಿಯಾಗುವ ಸಾಧ್ಯತೆ ಇದ್ದರೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಕಟ್ಟಿಕೋ. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಎರಡು ಬೆರಳು ಹಿಡಿಸುವಷ್ಟು ಬಿಗಿ ಮಾಡು. ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುವುದಾದರೆ ಕೊಳ್ಳುವ ದುಡ್ಡು ಉಳಿಸು.

ಭಾನುವಾರ ಬೆಳಿಗ್ಗೆ ಜಗುಲಿಗೆ ಬಾ. ಹಳೇ ಬಟ್ಟೆ, ಒಂದು ಡಬ್ಬಿಯಲ್ಲಿ ಸೀಮೆಎಣ್ಣೆ ತಾ. ಅದು ಈಗ ಸಿಗದಿದ್ದರೆ ಡೀಸೆಲ್ ಆದರೂ ನಡೆಯುತ್ತದೆ. ಎರಡೂ ಸೈಕಲ್ಲಿನ ಚೈನು ತೊಳೆಯೋಣ. ತಂಗಿಯನ್ನೂ ಕರೆದುಕೊಂಡು ಬಾ, ಪಂಚರ್ ಹಾಕುವುದನ್ನು ಮೊದಲು ಅವಳ ಕೈಯಲ್ಲೇ ಮಾಡಿಸುತ್ತೇನೆ.